ಹಳೆಯ ಅಚ್ಚೋ, ಹೊಸ ಅಚ್ಚೋ?

ಯುದ್ಧಟ್ಯಾಂಕುಗಳ ಪುಟ್ಟ ಮಾದರಿಗಳನ್ನು ಪ್ಲಾಸ್ಟಿಕ್ಕಿನ ಬಿಡಿಭಾಗಗಳಾಗಿ ಕೊಂಡು, ಅಂಟಿಸಿ, ಬಣ್ಣ ಬಳಿದು ಪೂರ್ಣಗೊಳಿಸುವುದು ಅನೇಕ ದೇಶಗಳಲ್ಲಿ ಜನಪ್ರಿಯವಾದ ಹವ್ಯಾಸ. ಇವುಗಳನ್ನು ತಯಾರಿಸುವ ಕಾರ್ಖಾನೆಗಳ ಮುಂದೆ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ದಶಕಗಳ ಹಿಂದಿನ ಮಾದರಿಯನ್ನು ತಿದ್ದಿ ಮಾರಬೇಕೆ, ಇಲ್ಲವೆ ಅದೇ ಟ್ಯಾಂಕನ್ನು ಮೊದಲಿನಿಂದ ರೂಪಿಸಬೇಕೆ? ಮೇಲುನೋಟಕ್ಕೆ ಇದು ಬರಿಯ ವ್ಯಾಪಾರದ ಲೆಕ್ಕವೆಂದು ತೋರಬಹುದು. ಆದರೆ ಉತ್ತರದ ಬಹುಭಾಗ ಅಡಗಿರುವುದು ಅಚ್ಚಿನ ಗುಣಧರ್ಮದಲ್ಲಿ.

ಅಚ್ಚೆಂದರೆ ಒಂದಕ್ಕೊಂದು ಕೂಡಿಕೊಳ್ಳುವ ಎರಡು ಉಕ್ಕಿನ ದಿಮ್ಮಿಗಳು. ಅವುಗಳ ನಡುವೆ ಬಿಡಿಭಾಗಗಳ ಆಕಾರದ ಟೊಳ್ಳು ಇರುತ್ತದೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಕಾಯಿಸಿ ಕರಗಿಸಿ, ಅಧಿಕ ಒತ್ತಡದಿಂದ ಈ ಟೊಳ್ಳಿನೊಳಕ್ಕೆ ನುಗ್ಗಿಸುತ್ತಾರೆ. ಅದು ಬೇಗನೆ ತಣಿದು ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ಕಿನ ಬೆಲೆ ಅಲ್ಪ. ಉಕ್ಕನ್ನು ಕೊರೆಯುವ ವೆಚ್ಚವೇ ಹಿರಿದು. ಆದುದರಿಂದಲೇ ಒಮ್ಮೆ ಮಾಡಿದ ಅಚ್ಚನ್ನು ಯಾರೂ ಸುಲಭವಾಗಿ ಬಿಸುಡುವುದಿಲ್ಲ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಅಚ್ಚು ವಸ್ತುವಿನ ವಿಲೋಮರೂಪ. ಅಚ್ಚಿನಲ್ಲಿ ಕುಳಿಯಿದ್ದೆಡೆ ವಸ್ತುವಿನಲ್ಲಿ ಉಬ್ಬು ಮೂಡುತ್ತದೆ. ಹಳೆಯ ಮಾದರಿಯಲ್ಲಿ ಬಿಟ್ಟುಹೋದ ಬೋಲ್ಟಿನ ತಲೆಯೊಂದನ್ನು ಮೂಡಿಸಬೇಕಾದರೆ ಅಚ್ಚಿನ ಉಕ್ಕನ್ನು ಆ ಎಡೆಯಲ್ಲಿ ಕೊಂಚ ಕೊರೆದರೆ ಸಾಕು. ಆದರೆ ಮಿತಿಮೀರಿದ ಉಬ್ಬನ್ನು ತಗ್ಗಿಸಬೇಕಾದರೆ ಅಚ್ಚಿಗೆ ಉಕ್ಕನ್ನು ಬೆಸುಗೆಯಿಂದ ಕೂಡಿಸಿ, ಅರೆದು, ನಯಗೊಳಿಸಬೇಕಾಗುತ್ತದೆ. ಅಂದರೆ ಮಾದರಿಗೆ ಸೇರಿಸುವುದು ಸುಲಭ, ಅದರಿಂದ ಕಳೆಯುವುದು ಕಷ್ಟ.

ಒಂದು ಉದಾಹರಣೆಯನ್ನು ನೋಡೋಣ. ಜಪಾನಿನ ಶಿಜುಓಕ ನಗರದ ತಾಮಿಯಾ ಸಂಸ್ಥೆ 1961ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಹೊರತಂದಿತು. ಅದು ನೆಲದ ಮೇಲೆ ಓಡುವ ಆಟಿಕೆಯೂ ಆಗಿತ್ತು. ಒಳಗೆ ವಿದ್ಯುನ್ಮೋಟಾರೂ ಎರಡು ಬ್ಯಾಟರಿಗಳೂ ಹಿಡಿಯುವಂತೆ ಅದರ ಗಾತ್ರವನ್ನು ಗೊತ್ತುಮಾಡಿದ್ದರು. ಅನಂತರ ಅಳೆದು ನೋಡಿದಾಗ ಅದು ನಿಜವಾದ ಟ್ಯಾಂಕಿನ ಸುಮಾರು 35ನೆಯ ಒಂದು ಪಾಲಾಗಿತ್ತು. ಇಂದು ಹಲವು ದೇಶಗಳ ತಯಾರಕರು ಅನುಸರಿಸುವ 1:35 ಪ್ರಮಾಣ ಬಳಕೆಗೆ ಬಂದುದು ಹೀಗೆ.

ಮೋಟಾರಿದ್ದ ಮಾದರಿಗಳ ತಳದಲ್ಲಿ ಗುಂಡಿ, ತಿರುಪುಗಳಿಗಾಗಿ ರಂಧ್ರಗಳಿರುತ್ತಿದ್ದವು. ಅವನ್ನು ಮುಚ್ಚುವುದು ಕಷ್ಟವಲ್ಲ. ರಂಧ್ರವನ್ನುಂಟುಮಾಡುವ ಉಕ್ಕಿನ ಗೂಟವನ್ನು ಅಚ್ಚಿನಿಂದ ಕತ್ತರಿಸಿದರಾಯಿತು. ಆದರೆ ಮೋಟಾರಿಗಾಗಿ ಒಡಲನ್ನೇ ಅಗಲಿಸಿದ್ದರೆ? 1:35ರಲ್ಲಿ 1 ಮಿಲಿಮೀಟರಿನ ತಪ್ಪು ನಿಜವಾದ ಟ್ಯಾಂಕಿನಲ್ಲಿ 35 ಮಿಲಿಮೀಟರಿಗೆ ಸಮ. 3 ಮಿಲಿಮೀಟರ್ ತಪ್ಪಿದರೆ 10 ಸೆಂಟಿಮೀಟರಿಗೂ ಹೆಚ್ಚು. ಒಡಲನ್ನು ಕುಗ್ಗಿಸಿದರೆ ಅದಕ್ಕೆ ಕೂಡುವ ಪ್ರತಿಯೊಂದು ಭಾಗವನ್ನೂ ಬದಲಿಸಬೇಕು. ಆಗ ಹೊಸ ಅಚ್ಚೇ ಲೇಸು.

ಇವೆರಡರ ನಡುವೆ ಮತ್ತೊಂದು ದಾರಿಯುಂಟು. ಹಳೆಯ ಭಾಗಗಳ ಜೊತೆಗೆ ಹೊಸ ಚಕ್ರಗಳನ್ನೋ ಸರಪಳಿಪಟ್ಟಿಯನ್ನೋ ಸೇರಿಸಿ ಕೊಡುವುದು. ಎಂಜಿನ್ನಿನ ಮೇಲಿನ ಜಾಲರಿಯಂತಹ ಅತಿ ತೆಳುವಾದ ಭಾಗಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರೆಯುವುದು ಕಠಿನ. ಅಂಥವನ್ನು ಹಿತ್ತಾಳೆಯ ತೆಳುಹಾಳೆಯನ್ನು ರಾಸಾಯನಿಕಗಳಿಂದ ಕೊರೆದು ಮಾಡುತ್ತಾರೆ.

ಹೊಸ ಅಚ್ಚಿನ ಲಾಭಗಳೂ ಸಣ್ಣವಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಟ್ಯಾಂಕುಗಳನ್ನು ಲೇಸರ್ ಕಿರಣದಿಂದ ಅಳೆದು, ಗಣಕಯಂತ್ರದಲ್ಲಿ ನಕ್ಷೆ ರಚಿಸಬಹುದು. ಪಕ್ಕಕ್ಕೆ ಸರಿಯುವ ತುಂಡುಗಳುಳ್ಳ ಅಚ್ಚುಗಳಿಂದ ಒಂದೇ ಭಾಗದ ಹಲವು ಮುಖಗಳಲ್ಲಿ ವಿವರಗಳನ್ನು ಮೂಡಿಸಬಹುದು. ಸೋವಿಯತ್ ಒಕ್ಕೂಟದ ಕೆವಿ-1 ಟ್ಯಾಂಕಿನ ಮಾದರಿಯನ್ನು ತಾಮಿಯಾ 1970ರ ದಶಕದಲ್ಲಿಯೇ ತಯಾರಿಸಿತ್ತು. 2020ರಲ್ಲಿ ಅದೇ ಟ್ಯಾಂಕನ್ನು ಹೊಸ ಅಚ್ಚಿನಲ್ಲಿ ಹೊರತಂದಿತು.

ಹಾಗಾದರೆ ಹಳೆಯವು ನಿರುಪಯುಕ್ತವೇ? ಅಲ್ಲ. ಹಳೆಯ ಅಚ್ಚಿಗೆ ಹಾಕಿದ ಬಂಡವಾಳ ಎಂದೋ ಹುಟ್ಟಿರುತ್ತದೆ. ಆದುದರಿಂದ ಅದರ ಮಾದರಿಯನ್ನು ಅಗ್ಗವಾಗಿ ಕೊಡಬಹುದು. ಭಾಗಗಳು ಕಡಮೆಯಿದ್ದರೆ ಜೋಡಿಸುವುದೂ ಸುಲಭ. ಕೈಯಲ್ಲಿ ಹೆಚ್ಚು ಹಣವಿಲ್ಲದ ವಿದ್ಯಾರ್ಥಿ ಈ ಹವ್ಯಾಸಕ್ಕೆ ಕಾಲಿಡುವುದು ಇಂಥ ಬಾಗಿಲಿನಿಂದಲೇ. ಹಳೆಯದನ್ನೆಲ್ಲ ಕೈಬಿಟ್ಟರೆ ಆ ಬಾಗಿಲು ಮುಚ್ಚಿಹೋಗುವ ಭಯವಿದೆ.

ದೋಷ ಚರ್ಮದಲ್ಲಿದ್ದರೆ ತಿದ್ದಬೇಕು, ಎಲುಬಿನಲ್ಲಿದ್ದರೆ ಹೊಸತಾಗಿ ಮಾಡಬೇಕು. ದೋಷ ಎಲ್ಲಿದೆಯೆಂಬುದನ್ನು ಓದುಗರೂ ಪರೀಕ್ಷಿಸಬಹುದು. ಕೆವಿ-1ರ ಒಡಲಿನ ಉದ್ದ 6.75 ಮೀಟರ್. ಅದನ್ನು 35ರಿಂದ ಭಾಗಿಸಿದರೆ ಸುಮಾರು 193 ಮಿಲಿಮೀಟರ್ ದೊರೆಯುತ್ತದೆ. ಒಂದು ಅಳತೆಪಟ್ಟಿಯಿದ್ದರೆ, ಮಾದರಿ ಎಷ್ಟರಮಟ್ಟಿಗೆ ನಿಜ ನುಡಿಯುತ್ತಿದೆಯೆಂಬುದನ್ನು ಯಾರಾದರೂ ತಿಳಿಯಬಹುದು.