ಆಪರೇಶನ್ ಉಚಿತ, ಕರೆದೊಯ್ಯುವವರು ಯಾರು?

ನಮ್ಮ ಮನೆಯಲ್ಲಿ ಸುಲಿದ ಅಡಿಕೆ ಹೆಕ್ಕುವ ಕೆಲಸ ಅಮ್ಮನದು. ಚಾಲಿ, ಪಟೋರ, ಕರಿಗೋಟು ಎಂದು ಬೇರೆ ಮಾಡುವುದರಲ್ಲಿ ಅವರ ಕೈ ತಪ್ಪಿದ್ದೇ ಇಲ್ಲ. ಕಳೆದ ವರ್ಷ ಅಂಗಡಿಯಲ್ಲಿ ಗೋಣಿ ಬಿಚ್ಚಿದಾಗ ವ್ಯಾಪಾರಿ ಕೇಳಿದರು, "ಏನಣ್ಣ, ಚಾಲಿಗೆ ಕರಿಗೋಟು ಬೆರೆಸಿದ್ದೀರಾ?"

ನಾಚಿಕೆಯಾಯಿತು. ಮನೆಗೆ ಬಂದು ಅಮ್ಮನ ಮೇಲೆ ರೇಗಿದೆ. "ಎಲ್ಲ ಒಂದೇ ಹಾಗೆ ಕಾಣ್ತದೆ ಮಗ" ಎಂದರು.

ಎರಡು ವರ್ಷ ಮೊದಲೇ ಊರಿನ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆದಿತ್ತು. ಪೊರೆ ಬಂದಿದೆ, ಉಚಿತವಾಗಿ ಆಪರೇಶನ್ ಮಾಡುತ್ತೇವೆ ಎಂದು ಚೀಟಿ ಕೊಟ್ಟಿದ್ದರು. ಆ ಚೀಟಿ ಪಂಚಾಂಗದೆಡೆಯಲ್ಲಿ ಹಾಗೇ ಇತ್ತು!

ಉಚಿತದ ಖರ್ಚು

ಯಾಕೆ ಹೋಗಲಿಲ್ಲ? ಪೇಟೆಗೆ ಜೀಪಿನ ಬಾಡಿಗೆ, ನನ್ನ ಒಂದು ದಿನದ ಕೆಲಸ, ದನ ಕರೆಯಲು ಇನ್ನೊಬ್ಬರು. ಆಮೇಲೆ ತೋರಿಸಲು ಮತ್ತೆ ಎರಡು ಮೂರು ಸಲ ಹೋಗಬೇಕು. ಮದ್ದು ಬಿಡುವುದು ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ನಾನು ಮುಂದೆ ಹಾಕಿದೆ. "ಇನ್ನು ನಾಲ್ಕು ದಿನಕ್ಕೆ ನನಗೆಂಥ ಕಣ್ಣು" ಎಂದು ಅಮ್ಮನೂ ಸುಮ್ಮನಾದರು. ನಮಗೆ ಖರ್ಚಾಗುವುದನ್ನು ಕಂಡೇ ಹಾಗೆ ಹೇಳಿದರೆಂದು ಈಗ ಅರ್ಥವಾಗುತ್ತದೆ.

ಈ ಲೆಕ್ಕ ನಮ್ಮೊಂದು ಮನೆಯದಲ್ಲ. ತಮಿಳುನಾಡಿನ ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯವರು ಇದನ್ನು ಹಿಂದೆಯೇ ಕಂಡುಕೊಂಡರು. ಸರಕಾರಿ ಕೆಲಸದಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಶುರುಮಾಡಿದ ಆಸ್ಪತ್ರೆ ಅದು. ಹಣ ಕೊಡುವ ರೋಗಿಗಳ ಆದಾಯದಲ್ಲೇ ಬಡವರಿಗೂ ಚಿಕಿತ್ಸೆ. ಆದರೂ ಶಿಬಿರದಲ್ಲಿ ಪೊರೆ ಎಂದು ಹೇಳಿಸಿಕೊಂಡವರು ಬಹಳ ಮಂದಿ ಆಪರೇಶನ್‌ಗೆ ಬರುತ್ತಿರಲಿಲ್ಲ. ಬಸ್ಸು, ಊಟ, ಜೊತೆಗೊಬ್ಬರು ಇವೇ ಅಡ್ಡಿ ಎಂದು ತಿಳಿದ ಮೇಲೆ ಶಿಬಿರದಿಂದಲೇ ಕರೆದೊಯ್ದು, ಊಟ ಹಾಕಿ, ವಾಪಸು ಬಿಡುವ ಕ್ರಮ ಬಂತು.

ಕಣ್ಣೊಳಗೆ ಕೂರಿಸುವ ಲೆನ್ಸ್ ವಿದೇಶದಿಂದ ಬರುವಾಗ ದುಬಾರಿ. 1992ರಲ್ಲಿ ಅವರು ಆರೋಲ್ಯಾಬ್ ಕಟ್ಟಿ ಇಲ್ಲೇ ತಯಾರಿಸಿದ್ದರಿಂದ ಬೆಲೆ ಬಹಳ ಇಳಿಯಿತು. ನಮ್ಮ ರಾಜ್ಯದಲ್ಲೂ ಡಾ. ಎಂ.ಸಿ. ಮೋದಿಯವರು ಹಳ್ಳಿಹಳ್ಳಿಗೆ ಹೋಗಿ ಶಿಬಿರ ನಡೆಸಿ ಸಾವಿರಾರು ಜನರ ಪೊರೆ ತೆಗೆದವರು. ಇವರೆಲ್ಲ ಮಾಡಿದ್ದು ಒಂದೇ, ಮುದುಕರು ಡಾಕ್ಟರನ್ನು ಹುಡುಕಿಕೊಂಡು ಬರಲಿ ಎಂದು ಕಾಯಲಿಲ್ಲ.

ಒಂದು ಜೀಪು, ಆರು ಜನ

ನಾವೂ ಹಾಗೇ ಮಾಡಿದೆವು. ಹಾಲಿನ ಸೊಸೈಟಿಯಲ್ಲಿ ಮಾತಾಡಿ ಐದು ಮನೆಗಳವರು ಸೇರಿದೆವು. ಆರು ಮಂದಿ ಹಿರಿಯರು, ಒಂದೇ ಜೀಪು. ಜೊತೆಗೆ ಇಬ್ಬರು, ಉಳಿದವರು ಹೋದವರ ಮನೆಯ ದನಕರು ನೋಡಿಕೊಂಡರು. ಬಾಡಿಗೆ ಹಂಚಿದಾಗ ಯಾರಿಗೂ ಭಾರವಾಗಲಿಲ್ಲ.

ಅಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆದು ಲೆನ್ಸ್ ಹಾಕಿದರು. ಪಟ್ಟಿ ಬಿಚ್ಚಿ ಮನೆಗೆ ಬಂದವರು ಮೊದಲು ಹೇಳಿದ್ದು, "ಅಡಿಗೆಕೋಣೆಯಲ್ಲಿ ಇಷ್ಟು ಮಸಿ ಇತ್ತಾ!"

ಆದರೆ ಜೊತೆಗೆ ಬಂದಿದ್ದ ಒಬ್ಬ ಅಜ್ಜನಿಗೆ ಆ ಭಾಗ್ಯ ಇರಲಿಲ್ಲ. ಪೊರೆ ಬಲಿಯಲಿ ಎಂದು ಅವರು ಮೂರು ವರ್ಷ ಕಾದಿದ್ದರು. ಇದ್ದದ್ದು ಪೊರೆಯಲ್ಲ, ಗ್ಲಾಕೋಮಾ. ಕಣ್ಣಿನ ನರ ಹಾಳಾಗುವ ಕಾಯಿಲೆ ಇದು. ಹೆಚ್ಚಿನವರಲ್ಲಿ ನೋವೇ ಇರುವುದಿಲ್ಲ. ಹೋದ ದೃಷ್ಟಿ ಯಾವ ಆಪರೇಶನ್ನಿನಿಂದಲೂ ಮರಳದು. ಒಂದು ಕಣ್ಣು ಹೋಯಿತು, ಇನ್ನೊಂದನ್ನು ದಿನಾ ಮದ್ದು ಬಿಟ್ಟು ಉಳಿಸಿಕೊಂಡಿದ್ದಾರೆ.

ನೆನಪಿಡಬೇಕಾದ್ದು

* ಪೊರೆ ಬಲಿಯುವ ತನಕ ಕಾಯುವುದು ಹಳೆಯ ಕಾಲದ ಮಾತು. ದಿನದ ಕೆಲಸಕ್ಕೆ ತೊಂದರೆಯಾದಾಗ ತೋರಿಸಿ. ಪೊರೆ ಕರಗಿಸುವ ತೊಟ್ಟುಮದ್ದು ಇಲ್ಲ.

* 40 ದಾಟಿದವರು ಕಣ್ಣಿನ ಒತ್ತಡವನ್ನೂ ನರವನ್ನೂ ನೋಡಿಸಿಕೊಳ್ಳಿ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ ಪರೀಕ್ಷಿಸಬೇಕು.

* ಎಲ್ಲ ಮಂಜಿಗೂ ಆಪರೇಶನ್ ಬೇಡ. ಎಷ್ಟೋ ಸಲ ಕನ್ನಡಕ ಸಾಕು.

* ಭತ್ತದ ಗರಿ, ಕಸ ತಾಗಿದ ಕಣ್ಣಿಗೆ ಸೊಪ್ಪಿನ ರಸ, ಎದೆಹಾಲು, ಅಂಗಡಿಯಲ್ಲಿ ಕೇಳಿ ತಂದ ಮದ್ದು ಹಾಕಬೇಡಿ. ಹುಣ್ಣಾಗಿ ಕಣ್ಣೇ ಹೋದೀತು.

* ಆಪರೇಶನ್ ಆದ ಮೇಲೆ ಡಾಕ್ಟರು ಹೇಳುವ ತನಕ ಕಣ್ಣಿಗೆ ನೀರು, ಧೂಳು ತಾಗಿಸಬೇಡಿ. ಉಜ್ಜಬೇಡಿ, ಭಾರ ಎತ್ತಬೇಡಿ. ನೋವು, ಕೆಂಪು ಹೆಚ್ಚಾದರೆ, ದೃಷ್ಟಿ ಇಳಿದರೆ ಅದೇ ದಿನ ಹೋಗಿ.

* ಉಚಿತ ಆಪರೇಶನ್ ಎಲ್ಲಿ, ಯಾವಾಗ ಎಂದು ಆಶಾ ಕಾರ್ಯಕರ್ತೆಯಲ್ಲಿ ಅಥವಾ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಆಧಾರ್, ರೇಶನ್ ಕಾರ್ಡ್, ತಿನ್ನುವ ಮಾತ್ರೆಗಳ ಚೀಟಿ ಜೊತೆಗಿರಲಿ.

ತೋಟದಲ್ಲಿ ಒಂದು ಮರದ ಸೋಗೆ ಹಳದಿಯಾದರೆ ಮರುದಿನವೇ ನಾವು ಬುಡ ನೋಡುತ್ತೇವೆ. ಮನೆಯ ಹಿರಿಯರು ಗೋಡೆ ತಡವಿಕೊಂಡು ನಡೆಯುತ್ತಿದ್ದರೆ ಪ್ರಾಯ ಆಯಿತು ಎಂದು ಬಿಟ್ಟುಬಿಡುತ್ತೇವೆ. ನಿಮ್ಮ ಪಂಚಾಂಗದೆಡೆಯಲ್ಲೂ ಅಂಥ ಚೀಟಿ ಇದೆಯೇ? ಇದ್ದರೆ ನೆರೆಮನೆಯವರನ್ನೂ ಕೇಳಿ. ಒಂದು ಜೀಪು ತುಂಬಲು ಐದಾರು ಜನ ಸಾಕು.