ಬಂಗಡೆ ಸಾರು ಸಿಡಿಯದಂತೆ

ಕಾರವಾರ, ಅಂಕೋಲೆಯ ಮನೆಗಳಲ್ಲಿ ನಿನ್ನೆಯ ಬಂಗಡೆ ಸಾರಿಗೆ ಇಂದು ರುಚಿ ಹೆಚ್ಚು. ಹುಳಿ, ಜುಮ್ಮನಕಾಯಿ ಎಲ್ಲ ಮೀನಿಗೆ ಚೆನ್ನಾಗಿ ಹಿಡಿದಿರುತ್ತದೆ. ಆದರೆ ಮೈಕ್ರೋವೇವ್‌ನಲ್ಲಿ ಫುಲ್ ಪವರ್‌ಗೆ ಇಟ್ಟರೆ ಅಂಚಿನಲ್ಲಿ ಕುದಿತ, ನಡುವೆ ತಣ್ಣಗೆ. ಒಳಗೋಡೆಯ ತುಂಬ ಕೆಂಪು ಮಸಾಲೆ.

ತರಂಗಗಳು ಆಹಾರದೊಳಗೆ ಹೆಚ್ಚೆಂದರೆ ಎರಡು-ಮೂರು ಸೆಂಟಿಮೀಟರ್ ಇಳಿಯುತ್ತವೆ. ಮುಂದಿನ ಬಿಸಿ ತಾನಾಗಿ ಒಳಕ್ಕೆ ಹರಿಯಬೇಕು, ಅದಕ್ಕೆ ಸಮಯ ಬೇಕು. ಕಾಯಿ ಅರೆದ ಮಂದ ಸಾರಿನಲ್ಲಿ ಅದು ಇನ್ನೂ ನಿಧಾನ. ತಳದಲ್ಲಿ ಸಿಕ್ಕಿಬಿದ್ದ ಹಬೆ ಒಮ್ಮೆಲೇ ಮೇಲೆದ್ದಾಗ ಸಾರು ಸಿಡಿಯುತ್ತದೆ.

ಇದಕ್ಕೆ ಮದ್ದು ಪವರ್ ಬಟನ್. ಬಹಳಷ್ಟು ಜನ ಅದನ್ನು ಮುಟ್ಟುವುದೇ ಇಲ್ಲ! ಅರ್ಧ ಪವರ್ ಎಂದರೆ ಸಾಮಾನ್ಯ ಮೈಕ್ರೋವೇವ್‌ನಲ್ಲಿ ತರಂಗಗಳು ಸ್ವಲ್ಪ ಹೊತ್ತು ಪೂರ್ತಿ ಬಲದಿಂದ ಹೊಮ್ಮಿ, ಸ್ವಲ್ಪ ಹೊತ್ತು ನಿಲ್ಲುತ್ತವೆ. ಆ ಬಿಡುವಿನಲ್ಲಿ ಶಾಖ ಹರಡುತ್ತದೆ, ಮೀನೂ ಒಡೆಯುವುದಿಲ್ಲ. ಅಗಲ ಬಟ್ಟಲಲ್ಲಿ ತೆಳುವಾಗಿ ಹಾಕಿ, ಹಬೆಗೆ ಸಂದಿ ಬಿಟ್ಟು ಮುಚ್ಚಿ, ನಡುವೆ ಒಮ್ಮೆ ಮೆಲ್ಲಗೆ ತಿರುವಬೇಕು. ಮೀನಿನ ತುಂಡುಗಳನ್ನು ಅಂಚಿನ ಸುತ್ತ ಜೋಡಿಸಿದರೆ ಒಳ್ಳೆಯದು. ತಿರುಗುವ ತಟ್ಟೆಯ ನಡುಭಾಗ ಜಾಗ ಬದಲಿಸುವುದೇ ಇಲ್ಲವಲ್ಲ.

ಕುಚ್ಚಲಕ್ಕಿ ಅನ್ನಕ್ಕೆ ಒಂದೆರಡು ಚಮಚ ನೀರು ಚಿಮುಕಿಸಿ ಮುಚ್ಚಿದರೆ ಫುಲ್ ಪವರ್ ಆದರೂ ನಡೆದೀತು. ಆದರೆ ಕರಾವಳಿಯ ಸೆಕೆಯಲ್ಲಿ ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಮಾತ್ರ ಬಿಸಿ ಮಾಡಿ ಉಣ್ಣುವುದು ಬೇಡ: ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಒಂದು ವಿಷ ಕುದಿಸಿದರೂ ನಾಶವಾಗದು. ಫ್ರಿಜ್‌ನಲ್ಲಿಟ್ಟ ಆಹಾರವನ್ನೂ ನಡುಭಾಗ 70 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿ, ಹೊರತೆಗೆಯುವ ಮುನ್ನ ಒಂದೆರಡು ನಿಮಿಷ ಹಾಗೇ ಬಿಡಬೇಕು.