ಸದಸ್ಯತ್ವದ ಸಾರ್ಥಕತೆ

ಹೊರನಾಡಿನ ಕನ್ನಡಿಗನಿಗೆ ಸಂಘವೇ ತವರುಮನೆ ಎಂಬ ಮಾತು ವಾರ್ಷಿಕೋತ್ಸವದ ವೇದಿಕೆಯಿಂದ ಆಗಾಗ ಕೇಳಿಬರುತ್ತದೆ. ಆದರೆ ಆ ಮನೆಯ ಹೊಸ್ತಿಲನ್ನು ರಾಜ್ಯೋತ್ಸವದ ದಿನ ಮಾತ್ರ ದಾಟುವವರು ಕಡಮೆಯೇನಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣಗಳ ನಿವಾಸಿಗಳಿಗೆ ಇದಕ್ಕೆ ಕಾರಣವೂ ಉಂಟು. ಕಲ್ಯಾಣದಿಂದ ಮುಂಬಯಿಯ ಕೋಟೆ ಪ್ರದೇಶಕ್ಕೆ ಐವತ್ತಕ್ಕೂ ಹೆಚ್ಚು ಕಿಲೋಮೀಟರು. ಮುಂಜಾನೆ ಲೋಕಲ್ ಹಿಡಿದವನು ಮರಳುವ ಹೊತ್ತಿಗೆ ಇರುಳಾಗಿರುತ್ತದೆ. ಆಜೀವ ಸದಸ್ಯತ್ವದ ರಸೀದಿ ಕಪಾಟಿನಲ್ಲಿ ಭದ್ರವಾಗಿರುತ್ತದೆ, "ಸಂಘದಿಂದ ನಮಗೇನು ಲಾಭ?" ಎಂಬ ಪ್ರಶ್ನೆಯೂ ಅದರೊಡನೆ ಉಳಿದುಬಿಡುತ್ತದೆ.

ಈ ಪ್ರಶ್ನೆಗೆ ಮುಂಬಯಿ ಕನ್ನಡಿಗರ ಇತಿಹಾಸವೇ ಉತ್ತರ ನೀಡಿದೆ. ಬಿಲ್ಲವರ ಅಸೋಸಿಯೇಷನ್ನಿನ ಪ್ರಯತ್ನದ ಫಲವಾಗಿ 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕು ಜನ್ಮತಾಳಿತು. ಡೊಂಬಿವಲಿಯ ಕರ್ನಾಟಕ ಸಂಘದ ಆಶ್ರಯದಲ್ಲಿ ಮಂಜುನಾಥ ವಿದ್ಯಾಲಯ ಮತ್ತು ಕಾಲೇಜು ಬೆಳೆದುನಿಂತವು. ಇಂತಹ ಸಂಸ್ಥೆಗಳು ಕೇವಲ ಚಂದಾಹಣದಿಂದ ಏಳಲಾರವು. ಲೆಕ್ಕ ಬಲ್ಲವನು ಲೆಕ್ಕವನ್ನೂ, ಕಾನೂನು ಬಲ್ಲವನು ಸಲಹೆಯನ್ನೂ, ಏನೂ ಇಲ್ಲದವನು ಭಾನುವಾರದ ಎರಡು ಗಂಟೆಯನ್ನೂ ಕೊಟ್ಟಾಗಲೇ ಸಂಘ ಬಲಗೊಳ್ಳುತ್ತದೆ.

ಸದಸ್ಯತ್ವದ ನಿಜವಾದ ಪರೀಕ್ಷೆ ನಡೆಯುವುದು ಅನಾರೋಗ್ಯದ ವೇಳೆಯಲ್ಲಿ. 1970ರಲ್ಲಿ ಸಿಡ್ಕೋ ಸ್ಥಾಪನೆಯಾದ ಬಳಿಕ ರೂಪುಗೊಂಡ ನವಿ ಮುಂಬಯಿಯ ಬಡಾವಣೆಗಳಲ್ಲಿ, ಮಕ್ಕಳು ಪರದೇಶದಲ್ಲಿದ್ದು ತಾವಿಬ್ಬರೇ ಬಾಳುವ ವೃದ್ಧ ದಂಪತಿಗಳಿದ್ದಾರೆ. ಅವರಲ್ಲೊಬ್ಬರು ಆಸ್ಪತ್ರೆ ಸೇರಿದರೆ ಓಡಿಬರುವವರಾರು? ಸಂಘಕ್ಕೆ ಅವರ ವಿಳಾಸವೇ ತಿಳಿಯದಿದ್ದಲ್ಲಿ ಸದ್ಭಾವನೆಯಿದ್ದೂ ಪ್ರಯೋಜನವಿಲ್ಲ.

ರಕ್ತದಾನಿಗಳ ಪಟ್ಟಿಯೂ ಹಾಗೆಯೇ. ಭಾರತದ ನಿಯಮದಂತೆ 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವುಳ್ಳ ಆರೋಗ್ಯವಂತರು ರಕ್ತ ನೀಡಬಹುದು. ಒಮ್ಮೆ ನೀಡಿದ ಪುರುಷರು ಮೂರು ತಿಂಗಳು, ಸ್ತ್ರೀಯರು ನಾಲ್ಕು ತಿಂಗಳು ಕಾಯಬೇಕು. ಆದ್ದರಿಂದ ಪಟ್ಟಿಯಲ್ಲಿ ರಕ್ತದ ಗುಂಪಿನೊಡನೆ ಕಳೆದ ಸಲ ದಾನ ಮಾಡಿದ ದಿನಾಂಕವೂ ಇರಬೇಕು. ಹತ್ತು ವರ್ಷದ ಹಿಂದಿನ ಪಟ್ಟಿ ಆಪತ್ಕಾಲಕ್ಕೆ ಒದಗದು.

ಒಡನಾಟವೇ ಒಂದು ಔಷಧವೆಂಬುದನ್ನು ಇಂದು ವೈದ್ಯಲೋಕವೂ ಒಪ್ಪಿದೆ. ಜಗತ್ತಿನ ಆರು ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿರುವರೆಂದೂ, ಒಂಟಿತನವು ಹೃದ್ರೋಗ, ಪಾರ್ಶ್ವವಾಯುಗಳ ಸಂಭವವನ್ನು ಹೆಚ್ಚಿಸುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ತಿಳಿಸಿದೆ. ತಾಯ್ನುಡಿಯಲ್ಲಿ ಮನಬಿಚ್ಚಿ ಆಡುವ ನಾಲ್ಕು ಮಾತುಗಳ ಬೆಲೆಯನ್ನು ಇದರಿಂದ ಊಹಿಸಬಹುದು.

ಪ್ರತಿಯೊಬ್ಬ ಸದಸ್ಯನೂ ಈ ವರ್ಷ ಮೂರು ಕಾರ್ಯಗಳನ್ನು ಮಾಡಬಹುದು: ತನ್ನ ವಿಳಾಸ, ದೂರವಾಣಿ, ರಕ್ತದ ಗುಂಪನ್ನು ಕಾರ್ಯಾಲಯದಲ್ಲಿ ಹೊಸದಾಗಿ ಬರೆಸುವುದು, ವಾರ್ಷಿಕ ಮಹಾಸಭೆಗೆ ಬಂದು ಲೆಕ್ಕಪತ್ರ ಓದಿ ಪ್ರಶ್ನಿಸುವುದು, ತನ್ನ ಬಡಾವಣೆಯಲ್ಲಿ ಒಂಟಿಯಾಗಿರುವ ಒಬ್ಬ ಹಿರಿಯರನ್ನು ತಿಂಗಳಿಗೊಮ್ಮೆಯಾದರೂ ಕಂಡುಬರುವುದು. ಇವು ಮೂರೂ ನಡೆದರೆ "ನಮಗೇನು ಲಾಭ?" ಎಂದು ಕೇಳುವ ಪ್ರಮೇಯವೇ ಉಳಿಯದು.